ಹೊಸ ಬಂಡಿಯ ನಡುಕ

ಹೊಸ ವಸ್ತುವಿನ ವಿಷಯದಲ್ಲಿ ನಮ್ಮ ಜನಕ್ಕೆ ಒಂದು ಬಗೆಯ ದಾಕ್ಷಿಣ್ಯ ಉಂಟು. ಹೊಸ ಚಪ್ಪಲಿ ಕಚ್ಚಿದರೆ, ನಾಲ್ಕು ದಿನ ಮೆಟ್ಟಿದರೆ ಹದಕ್ಕೆ ಬರುತ್ತದೆ ಎನ್ನುತ್ತೇವೆ. ಹೊಸ ಗಡಿಗೆ ಜಿನುಗಿದರೆ, ನೀರು ಕುಡಿದ ಮೇಲೆ ಸರಿಹೋಗುತ್ತದೆ ಎನ್ನುತ್ತೇವೆ. ಹೊಸ ಮನೆಯ ಬಾಗಿಲು ಚೌಕಟ್ಟಿಗೆ ಕೂರದಿದ್ದರೆ, ಒಂದು ಮಳೆಗಾಲ ಕಳೆಯಲಿ ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ತೊಗಲು, ಮಣ್ಣು, ಮರ ಇವುಗಳ ಮಟ್ಟಿಗೆ ಈ ದಾಕ್ಷಿಣ್ಯ ತಪ್ಪಲ್ಲ. ಅವು ಬಳಸುವವನ ಮೈಗೆ ಮನೆಗೆ ಒಗ್ಗಿಕೊಳ್ಳುವ ಪದಾರ್ಥಗಳು. ಉಕ್ಕು ರಬ್ಬರುಗಳಿಂದ ಮಾಡಿದ, ವರ್ಷಗಟ್ಟಲೆ ಕಂತು ಕಟ್ಟಬೇಕಾದ ಯಂತ್ರಕ್ಕೂ ಇದೇ ನ್ಯಾಯವನ್ನು ಅನ್ವಯಿಸಬಹುದೇ ಎಂಬುದು ಮಾತ್ರ ಬೇರೆಯೇ ಪ್ರಶ್ನೆ. ಈಚೆಗೆ ಹೊಸ ಕಾರೊಂದರ ನಡುಕವನ್ನು ಹಿಂಬಾಲಿಸಿ ಮೂರು ತಿಂಗಳು ಅಲೆದ ಮೇಲೆ, ಆ ಪ್ರಶ್ನೆಗೆ ನನಗೆ ದೊರೆತ ಉತ್ತರವನ್ನು ವಾಚಕರ ಮುಂದಿಡುತ್ತಿದ್ದೇನೆ. ಅದು ಯಂತ್ರದ ಕತೆಯಾಗಿ ಮೊದಲಾಗಿ ವ್ಯಾಕರಣದ ಕತೆಯಾಗಿ ಮುಗಿದುದರಿಂದ, ಈ ಪುಟಕ್ಕೆ ಅದು ಅನ್ಯವಾಗಲಾರದೆಂದು ನಂಬಿದ್ದೇನೆ.

ಕನ್ನಡದಲ್ಲಿ ನಡುಕಕ್ಕೆ ಬಡತನವಿಲ್ಲ. ಮೈ ನಡುಗುತ್ತದೆ, ತುಟಿ ಅದುರುತ್ತದೆ, ಹಲ್ಲು ಕಟಕಟಿಸುತ್ತದೆ, ಹಳೆಯ ಕಿಟಕಿ ಗಡಗಡಿಸುತ್ತದೆ, ಸಡಿಲವಾದ ಮೊಳೆ ಅಲುಗುತ್ತದೆ, ಜೋಮು ಹಿಡಿದ ಕಾಲು ಜುಮುಜುಮುಗುಟ್ಟುತ್ತದೆ. ಹಳಗನ್ನಡದ ‘ಅದಿರ್’ ಇಂದಿನ ‘ಅದುರು’ ಆಗಿ ಉಳಿದುಕೊಂಡಿದೆ. ಸಂಸ್ಕೃತದಿಂದ ಬಂದ ‘ಕಂಪ’, ‘ಕಂಪನ’ಗಳು ಗ್ರಂಥಸ್ಥವಾಗಿವೆ. ನಮ್ಮ ಸಂಗೀತಗಾರರು ಸ್ವರವನ್ನು ಬೇಕೆಂದೇ ನಡುಗಿಸುವುದಕ್ಕೆ ‘ಕಂಪಿತ’ ಎಂದು ಹೆಸರಿಟ್ಟು, ಅದನ್ನು ದಶವಿಧ ಗಮಕಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಆದುದರಿಂದ ನಡುಕವೆಲ್ಲ ದೋಷವಲ್ಲ. ಇರಬಾರದ ಕಡೆ ಇರುವ ನಡುಕವೇ ದೋಷ. ಇನ್ನೊಂದು ತಮಾಷೆಯೂ ಇದೆ. ಕನ್ನಡದ ‘ಕಂಪು’ ಎಂದರೆ ಸುವಾಸನೆ. ಸಂಸ್ಕೃತದ ‘ಕಂಪ’ ಎಂದರೆ ನಡುಕ. ಹೊಸ ಕಾರು ಮನೆಗೆ ಬಂದಾಗ ಅದರಲ್ಲಿ ಎರಡೂ ಇದ್ದವು. ಕಂಪು ಹದಿನೈದು ದಿನಗಳಲ್ಲಿ ಹೋಯಿತು. ಕಂಪ ಹೋಗಲಿಲ್ಲ.

ನಾನಿರುವುದು ಆವರಗೆರೆಯಲ್ಲಿ. ಹಿಂದೆ ಪ್ರತ್ಯೇಕ ಹಳ್ಳಿಯಾಗಿದ್ದು ಈಗ ದಾವಣಗೆರೆ ನಗರದೊಳಗೆ ಸೇರಿಹೋಗಿರುವ ಊರು ಇದು. ಬೆಂಗಳೂರು-ಪುಣೆಗಳ ನಡುವಣ ಹೆದ್ದಾರಿ, ಹಿಂದೆ ನಾಲ್ಕನೆಯದಾಗಿದ್ದು ಈಗ 48ನೆಯ ಸಂಖ್ಯೆ ಪಡೆದಿರುವ ರಸ್ತೆ, ನಮಗೆ ದೂರವಲ್ಲ. ಕಾಲೇಜಿಗೆ ಹೋಗಿಬರುವುದಕ್ಕೆ ನನಗೆ ದ್ವಿಚಕ್ರ ವಾಹನವೇ ಸಾಕಾಗಿತ್ತು. ಕಾರು ಕೊಂಡದ್ದು ತಾಯಿಯವರಿಗಾಗಿ. ಅವರಿಗೆ ಎಪ್ಪತ್ತನಾಲ್ಕು ವರ್ಷ. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ. ತವರು ರಾಣೆಬೆನ್ನೂರಿನ ಕಡೆಯ ಹಳ್ಳಿ. ಬಸ್ಸಿನ ಮೆಟ್ಟಿಲು ಹತ್ತುವುದು ಕಷ್ಟವಾದ ಮೇಲೆ ಅವರು ತವರಿನ ಹೆಸರೆತ್ತುವುದನ್ನೇ ಬಿಟ್ಟಿದ್ದರು. ಏಳು ವರ್ಷಗಳ ಕಂತಿಗೆ ರುಜು ಹಾಕಿ ಒಂದು ಸಣ್ಣ ಕಾರನ್ನು ತಂದೆವು. ದುಗ್ಗಮ್ಮನ ಗುಡಿಯ ಮುಂದೆ ಪೂಜೆಯಾಯಿತು. ನಾಲ್ಕು ಚಕ್ರಗಳಡಿ ನಾಲ್ಕು ನಿಂಬೆಹಣ್ಣು ಒಡೆದವು. ಮುಂದಿನ ಭಾನುವಾರವೇ ತಾಯಿಯವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆ.

ಊರೊಳಗೆ ಏನೂ ಇಲ್ಲ. ಹೆದ್ದಾರಿಗೆ ಬಂದು ವೇಗ ಎಂಬತ್ತರ ಸಮೀಪಕ್ಕೆ ಬರುತ್ತಿದ್ದಂತೆ ಹಿಂದಿನಿಂದ ಮಾತು ಬಂತು: “ಕಾಲಡೀಗೆ ಜುಮ್ ಅಂತೈತಪ್ಪಾ. ಸೀಟೂ ನಡುಗ್ತೈತೆ.” ನನ್ನ ಕೈಯಲ್ಲಿದ್ದ ಚಕ್ರ ಸ್ಥಿರವಾಗಿತ್ತು, ಕನ್ನಡಿಯಲ್ಲಿ ಮಾತ್ರ ಹಿಂದಿನ ಲಾರಿ ಎರಡಾಗಿ ಕಾಣುತ್ತಿತ್ತು. ವೇಗ ತೊಂಬತ್ತಾದಾಗ ಹಿಂದಿನ ಬಾಗಿಲ ಖಾನೆಯಲ್ಲಿಟ್ಟಿದ್ದ ನೀರಿನ ಶೀಸೆ ಗುಂಯ್ಗುಟ್ಟತೊಡಗಿತು. ನೂರು ದಾಟಿದರೆ ಅದು ತುಸು ತಗ್ಗಿತು. ಹರಿಹರದ ಬಳಿ ನಿಧಾನಿಸಿದಾಗ ಪೂರ್ತಿ ಶಾಂತವಾಯಿತು. ತವರು ಮುಟ್ಟಿ ಹಿಂದಿರುಗುವ ಹೊತ್ತಿಗೆ ತಾಯಿಯವರ ಸೊಂಟ ಹಿಡಿದುಕೊಂಡಿತ್ತು. “ಮುಂದಿನ ಸಲ ಬಸ್ಸಿಗೇ ಹೋಗಾನ” ಎಂದರು. ಯಾರ ಸಲುವಾಗಿ ಸಾಲ ಮಾಡಿದ್ದೆನೋ ಅವರೇ ಹೀಗೆಂದಮೇಲೆ, ಈ ನಡುಕವನ್ನು ಹಾಗೆಯೇ ಬಿಡುವಂತಿರಲಿಲ್ಲ.

ಕಾರು ಮಾರಿದವರ ಸರ್ವೀಸ್ ಸ್ಟೇಷನ್ನಿಗೆ ಮೊದಲ ಭೇಟಿ ಬಹು ಗೌರವದಿಂದ ನಡೆಯಿತು. ಚಹಾ ಬಂತು. ಟೈ ಕಟ್ಟಿದ ತರುಣರೊಬ್ಬರು ಕಾರನ್ನು ಊರೊಳಗಿನ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ಬಂದು, “ಹೊಸ ಗಾಡಿ ಸರ್, ಸೆಟ್ ಆಗಬೇಕು” ಎಂದರು. ಚಪ್ಪಲಿಗೂ ಗಡಿಗೆಗೂ ಹೇಳುವ ಮಾತು! ಸಾವಿರ ಕಿಲೋಮೀಟರು ಕಳೆಯಲಿ ಎಂದರು, ಕಳೆಯಿತು. ಎರಡನೆಯ ಭೇಟಿಯಲ್ಲಿ ಚಕ್ರಗಳನ್ನು ಬಿಚ್ಚಿ ಯಂತ್ರಕ್ಕೇರಿಸಿ ಬ್ಯಾಲೆನ್ಸ್ ಮಾಡಿದರು. ಯಂತ್ರದ ಪರದೆಯ ಮೇಲೆ ಸೊನ್ನೆ ಬಂದುದನ್ನು ನನಗೆ ತೋರಿಸಿದರು. ಮೂರನೆಯ ಭೇಟಿಯಲ್ಲಿ ಅಲೈನ್‌ಮೆಂಟ್ ನೋಡಿದರು, ಅದೂ ಸರಿಯಾಗಿತ್ತು. ಅಷ್ಟು ಹೊತ್ತಿಗೆ ಚಹಾ ನಿಂತುಹೋಗಿತ್ತು. “ತಾಯಿಯವರಿಗೆ ಶುಗರ್ ಇದೆ ಅಂದ್ರಲ್ಲ ಸರ್, ಆ ವಯಸ್ಸಿನಲ್ಲಿ ಕಾಲು ಜುಮ್ಮೆನ್ನೋದು ಸಹಜ” ಎಂದು ಅದೇ ತರುಣರು ಮೃದುವಾಗಿಯೇ ಹೇಳಿದರು. ಬಂಧುಗಳೊಬ್ಬರು ಬೇರೊಂದು ನಿದಾನ ಹೇಳಿದರು: ದೃಷ್ಟಿಯಾಗಿದೆ, ಮುಂದಿನ ಗಾಲಿಗೆ ಕರಿದಾರ ಕಟ್ಟು. ಇಬ್ಬರ ಮಾತಿಗೂ ಒಂದು ಸಾಮ್ಯವಿತ್ತು. ಇಬ್ಬರ ಪ್ರಕಾರವೂ ಕಾರಿನಲ್ಲಿ ಏನೂ ಇರಲಿಲ್ಲ.

ಮೂರನೆಯ ಭೇಟಿಯ ಜಾಬ್ ಕಾರ್ಡನ್ನು ಮನೆಗೆ ತಂದು ನಿಧಾನವಾಗಿ ಓದಿದೆ. ದೂರಿನ ಕಲಮಿನಲ್ಲಿ ಇಂಗ್ಲಿಷಿನ ಮೂರು ನಾಲ್ಕು ಪದಗಳಿದ್ದವು. ಕನ್ನಡದಲ್ಲಿ ಹೇಳುವುದಾದರೆ ಅದರ ಅರ್ಥ ಇಷ್ಟು: ‘ಗ್ರಾಹಕರಿಗೆ ನಡುಗಿದಂತೆ ಅನಿಸುತ್ತದೆ.’ ಇಪ್ಪತ್ತು ವರ್ಷ ವಿಭಕ್ತಿ ಪಾಠ ಮಾಡಿದವನಿಗೆ ಆ ವಾಕ್ಯ ಕಣ್ಣಿಗೆ ಚುಚ್ಚದೆ ಇರಲಾರದು. ನಮ್ಮ ಭಾಷೆಯಲ್ಲಿ ಮೈಮನಸ್ಸುಗಳ ಅನುಭವವನ್ನು ಹೇಳುವಾಗ ಅನುಭವಿಸುವವನನ್ನು ಚತುರ್ಥೀ ವಿಭಕ್ತಿಯಲ್ಲಿ ಇಡುತ್ತೇವೆ. ನನಗೆ ಹಸಿವಾಗಿದೆ, ಅವನಿಗೆ ಚಳಿಯಾಗುತ್ತಿದೆ, ಮಗುವಿಗೆ ಭಯವಾಯಿತು. ಇವೆಲ್ಲ ಅವರವರ ಒಳಗಿನ ಸಂಗತಿಗಳು; ಹೊರಗಿನವರು ಅಳೆಯಲಾರರು, ಅಲ್ಲಗಳೆಯಲೂ ಆರರು, ಹೊಣೆಯನ್ನಂತೂ ಹೊರಬೇಕಾಗಿಲ್ಲ. ‘ಗ್ರಾಹಕರಿಗೆ ಅನಿಸುತ್ತದೆ’ ಎಂದು ಬರೆದ ಕೂಡಲೆ ನಡುಕ ಕಾರಿನಿಂದ ಇಳಿದು ನಮ್ಮ ಮೈಯೊಳಗೆ ಸೇರಿಬಿಟ್ಟಿತು. ಇಡೀ ವಾಕ್ಯದಲ್ಲಿ ಕಾರೇ ಇರಲಿಲ್ಲ! ಬರೆದವರ ಮನಸ್ಸಿನಲ್ಲಿ ಕಪಟವಿತ್ತೆಂದು ನಾನು ಹೇಳುವುದಿಲ್ಲ. ದಿನಕ್ಕೆ ನಲವತ್ತು ದೂರು ಬರೆಯುವವರಿಗೆ ಅದೊಂದು ಸಿದ್ಧವಾಕ್ಯ. ಆದರೆ ಸಿದ್ಧವಾಕ್ಯಗಳು ಬರೆದವರ ಮನಸ್ಸನ್ನು ಕೇಳದೆಯೇ ತಮ್ಮ ಕೆಲಸ ಮಾಡಿಬಿಡುತ್ತವೆ.

ಹಾಗಾದರೆ ಮೊದಲು ಸಾಕ್ಷಿಯ ಪರೀಕ್ಷೆಯಾಗಲಿ ಎಂದು ತಾಯಿಯವರನ್ನು ವೈದ್ಯರ ಬಳಿಗೆ ಕರೆದೊಯ್ದೆ. ವೈದ್ಯರು ಮೇಜಿನ ಖಾನೆಯಿಂದ ಒಂದು ಶ್ರುತಿಕವೆಯನ್ನು ತೆಗೆದರು. ಸೆಕೆಂಡಿಗೆ 128 ಸಲ ಕಂಪಿಸುವ ಉಕ್ಕಿನ ಕವೆ ಅದು. ಸಕ್ಕರೆ ಕಾಯಿಲೆಯವರ ಪಾದದ ನರಗಳು ಮಂದವಾಗುವಾಗ ಮೊದಮೊದಲು ಕಳೆದುಹೋಗುವ ಸಂವೇದನೆಗಳಲ್ಲಿ ಕಂಪನದ ಅರಿವೂ ಒಂದಾದುದರಿಂದ, ವೈದ್ಯರು ಈ ಕವೆಯನ್ನು ತಟ್ಟಿ ಕಾಲಿನ ಹೆಬ್ಬೆರಳ ಮೂಳೆಯ ಮೇಲಿಟ್ಟು ನೋಡುತ್ತಾರೆ. ತಾಯಿಯವರು ಕಣ್ಣು ಮುಚ್ಚಿ, ಕಂಪನ ಇರುವವರೆಗೆ “ಐತೆ, ಐತೆ” ಎನ್ನುತ್ತಿದ್ದು, ನಿಂತಾಗ “ಈಗ ನಿಂತ್ಕಂತು” ಎಂದರು. ವೈದ್ಯರು ಕವೆಯನ್ನು ತಮ್ಮ ಬೆರಳಿಗೆ ತಾಗಿಸಿ ನೋಡಿ, ನನಗೂ ಈಗಷ್ಟೇ ನಿಂತಿತು ಎಂದು ನಕ್ಕರು. ಕಾಯಿಲೆಯ ಕಾಲು ನಡುಕವನ್ನು ಹುಟ್ಟಿಸಿಕೊಳ್ಳುತ್ತಿದೆ ಎಂದು ಯಾರೆಂದಿದ್ದರೋ ಅವರ ಮಾತಿಗೆ ಈ ಪರೀಕ್ಷೆ ಆಧಾರ ಕೊಡಲಿಲ್ಲ. ಕಾಯಿಲೆ ಹೆಚ್ಚಿದ್ದರೆ ಹೊರಗಿನ ನಡುಕ ಆ ಕಾಲಿಗೆ ತಿಳಿಯುವುದೇ ಕಷ್ಟವಾಗುತ್ತಿತ್ತು. ನಮ್ಮ ತಂದೆಯವರು ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ದುಡಿದವರು. ಮನೆ ಗಿರಣಿಯ ಮಗ್ಗುಲಲ್ಲೇ ಇತ್ತು. ನೆಲದ ಅದುರು ನೋಡಿಯೇ ಎಷ್ಟು ಯಂತ್ರ ಓಡುತ್ತಿವೆ ಎಂದು ಹೇಳುತ್ತಿದ್ದೆ ಎಂದು ತಾಯಿಯವರು ಹಿಂತಿರುಗುವಾಗ ನೆನೆದರು. ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಆ ವಿದ್ಯೆಗೆ ಕೆಲಸವಿಲ್ಲದಂತಾಗಿತ್ತು.

ದಾವಣಗೆರೆಯಿಂದ ಹರಿಹರ ಹದಿನಾಲ್ಕು ಕಿಲೋಮೀಟರು. ಹರಿಹರವೆಂದರೆ ಹೊರಗಿನವರಿಗೆ ತುಂಗಭದ್ರೆಯ ದಡದ, ಹೊಯ್ಸಳರ ಕಾಲದ ಹರಿಹರೇಶ್ವರ ದೇವಾಲಯ ನೆನಪಾಗುತ್ತದೆ. ನಮ್ಮ ಸೀಮೆಯವರಿಗೆ ಅದರ ಜೊತೆಗೆ ಇನ್ನೊಂದು ನೆನಪು ಬರುತ್ತದೆ. 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪಿತವಾಯಿತು. ಯಂತ್ರಗಳನ್ನು ಮಾಡುವ ಯಂತ್ರವಾದ ಲೇತನ್ನು ಅಲ್ಲಿ ತಯಾರಿಸುತ್ತಿದ್ದರು. ಈ ಶತಮಾನದ ಆರಂಭದ ಹೊತ್ತಿಗೆ ಆ ಕಾರ್ಖಾನೆ ಬಾಗಿಲು ಹಾಕಿತು. ಆದರೆ ಅಲ್ಲಿ ಪಳಗಿದ ಕೈಗಳು ಹರಿಹರ ದಾವಣಗೆರೆಗಳ ಓಣಿಗಳಲ್ಲಿ ಇನ್ನೂ ಇವೆ. ಲೇತಿನ ಮುಂದೆ ಮೂವತ್ತು ವರ್ಷ ನಿಂತ ಅಂಥ ಹಿರಿಯರೊಬ್ಬರು ನನಗೆ ಪರಿಚಿತರು. ತಿರುಗುವ ಉಕ್ಕಿನ ಕಂಬಿ ಕೂದಲೆಳೆಯಷ್ಟು ಓರೆಯಾದರೂ ಕೈಬೆರಳಲ್ಲಿ ತಿಳಿಯುವ ಮನುಷ್ಯ. ಅವರಲ್ಲಿ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಕಾರಿನ ಮುಚ್ಚಳ ತೆರೆಯಲಿಲ್ಲ. ಹಿಂದಿನ ಬಾಗಿಲು ತೆರೆದು, ತಾಯಿಯವರು ಕೂರುತ್ತಿದ್ದ ಜಾಗದಲ್ಲಿ ಹೋಗಿ ಕುಳಿತರು.

“ಅವ್ರು ಎಲ್ರೂ ಮುಂದೆ ಕುಂತು ಓಡ್ಸಿದ್ರಲ್ಲಾ ಮೇಷ್ಟ್ರೆ? ಹಿಂದೆ ಯಾರು ಕುಂತಿದ್ರು?” ಎಂದು ಕೇಳಿದರು.

ಯಾರೂ ಕುಳಿತಿರಲಿಲ್ಲ. ಮೂರು ಭೇಟಿಗಳಲ್ಲಿ ಒಬ್ಬರೂ ಹಿಂದೆ ಕುಳಿತಿರಲಿಲ್ಲ. ಎಂಬತ್ತರ ವೇಗಕ್ಕೂ ಹೋಗಿರಲಿಲ್ಲ.

ಹೆದ್ದಾರಿಯಲ್ಲಿ ಓಡಾಡಿ ಬಂದ ಮೇಲೆ ಅವರು ಹೇಳಿದ ಮಾತು ನನಗೆ ಇಂದಿಗೂ ಪಾಠದಂತಿದೆ. “ತಿರುಗೋ ಸಾಮಾನು ಸುಳ್ಳು ಹೇಳಲ್ಲ ಮೇಷ್ಟ್ರೆ. ಎಷ್ಟು ಸಲ ತಿರುಗತೈತೋ ಅಷ್ಟು ಸಲಾನೇ ನಡುಗತೈತೆ. ಕಾರ್ನಾಗೆ ತಿರುಗೋವು ಬಾಳ ಅದಾವೆ. ಒಂದೊಂದ್ರದು ಒಂದೊಂದು ಲೆಕ್ಕ. ಮೊದ್ಲು ಎಣಿಸ್ರಿ, ಆಮೇಲೆ ಬಿಚ್ರಿ.”

ಎಣಿಕೆ ಸುಲಭವೇ ಆಗಿತ್ತು. ಸಣ್ಣ ಕಾರಿನ ಚಕ್ರದ ಸುತ್ತಳತೆ ಸುಮಾರು ಒಂದು ಮೀಟರು ತೊಂಬತ್ತು ಸೆಂಟಿಮೀಟರು. ಗಂಟೆಗೆ 80 ಕಿಲೋಮೀಟರು ಎಂದರೆ ಸೆಕೆಂಡಿಗೆ ಇಪ್ಪತ್ತೆರಡು ಮೀಟರಿಗೆ ತುಸು ಹೆಚ್ಚು. ಹಾಗಾದರೆ ಚಕ್ರ ಸೆಕೆಂಡಿಗೆ ಹೆಚ್ಚುಕಡಮೆ ಹನ್ನೆರಡು ಸುತ್ತು ಸುತ್ತುತ್ತದೆ. ಅದೇ ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಎರಡು ಸಾವಿರ ಸುತ್ತು ಎಂದುಕೊಂಡರೂ ಸೆಕೆಂಡಿಗೆ ಮೂವತ್ತಮೂರಾಗುತ್ತದೆ. ಭೌತಶಾಸ್ತ್ರ ವಿಭಾಗದ ಸಹೋದ್ಯೋಗಿಯೊಬ್ಬರು ತಮ್ಮ ಮೊಬೈಲ್ ಫೋನನ್ನು ಹಿಂದಿನ ಸೀಟಿಗೆ ಅಂಟುಪಟ್ಟಿಯಿಂದ ಬಿಗಿದರು. ಈ ಕಾಲದ ಫೋನುಗಳಲ್ಲಿ ಅಲುಗಾಟವನ್ನು ಅಳೆಯುವ ಪುಟ್ಟ ಉಪಕರಣ ಇದ್ದೇ ಇರುತ್ತದೆ. ಎಂಬತ್ತರಲ್ಲಿ ಅದು ಬರೆದ ಗೆರೆ ಸೆಕೆಂಡಿಗೆ ಹನ್ನೆರಡರ ಹತ್ತಿರ ಏರಿಳಿಯಿತು. ನೂರರಲ್ಲಿ ಹದಿನೈದರ ಹತ್ತಿರ. ಅನಂತರ ಹಿರಿಯರು ಹೇಳಿದಂತೆ ಎಂಬತ್ತರ ವೇಗವನ್ನೇ ಒಮ್ಮೆ ಐದನೆಯ ಗೇರಿನಲ್ಲಿ, ಒಮ್ಮೆ ನಾಲ್ಕನೆಯ ಗೇರಿನಲ್ಲಿ ಇಟ್ಟು ನೋಡಿದೆವು. ಗೇರು ಬದಲಾದಾಗ ಎಂಜಿನಿನ ಸುತ್ತು ಬದಲಾಗುತ್ತದೆ, ಚಕ್ರದ್ದು ಬದಲಾಗುವುದಿಲ್ಲ. ನಡುಕವೂ ಬದಲಾಗಲಿಲ್ಲ. ಆದುದರಿಂದ ಎಂಜಿನ್ ನಿರಪರಾಧಿ. ಬ್ರೇಕು ಒತ್ತಿದಾಗ ಹೆಚ್ಚಾಗಲಿಲ್ಲವಾದುದರಿಂದ ಬ್ರೇಕಿನ ತಟ್ಟೆಯೂ ನಿರಪರಾಧಿ. ಕೈಯ ಚಕ್ರ ಶಾಂತವಾಗಿದ್ದು ಹಿಂದಿನ ಸೀಟು ಅದುರುವುದರಿಂದ ಮುಂದಿನ ಗಾಲಿಗಳ ಮೇಲೂ ಸಂಶಯ ಕಡಮೆ. ಉಳಿದದ್ದು ಹಿಂದಿನ ಎರಡು ಗಾಲಿ.

ಇಲ್ಲಿ ವಾಚಕರು ಕೇಳಬಹುದು: ಗಾಲಿಯಲ್ಲಿ ಅಡಗಿರುವ ಅಲ್ಪ ದೋಷ ಒಂದು ಟನ್ನಿನ ಬಂಡಿಯನ್ನು ನಡುಗಿಸುವುದು ಹೇಗೆ? ಲೆಕ್ಕ ಆಶ್ಚರ್ಯಕರವಾಗಿದೆ. ಗಾಲಿಯ ಅಂಚಿನಲ್ಲಿ ಒಂದು ಕಡೆ ಇಪ್ಪತ್ತು ಗ್ರಾಂ ತೂಕ ಹೆಚ್ಚಾಗಿದೆ ಎಂದುಕೊಳ್ಳೋಣ. ಗಾಲಿ ನಿಂತಿರುವಾಗ ಅದು ಇಪ್ಪತ್ತೇ ಗ್ರಾಂ. ಬಂಡಿ ನೂರು ಕಿಲೋಮೀಟರು ವೇಗದಲ್ಲಿ ಓಡುವಾಗ ಆ ಇಪ್ಪತ್ತು ಗ್ರಾಂ ಗಾಲಿಯನ್ನು ಹೊರಕ್ಕೆ ಜಗ್ಗುವ ಬಲ ಸುಮಾರು ಮೂರು ಕಿಲೋ ಭಾರಕ್ಕೆ ಸಮನಾಗುತ್ತದೆ. ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ, ಸೆಕೆಂಡಿಗೆ ಹದಿನೈದು ಸಲ. ವೇಗ ಎರಡರಷ್ಟಾದರೆ ಈ ಬಲ ನಾಲ್ಕರಷ್ಟಾಗುತ್ತದೆ. ಊರೊಳಗಿನ ರಸ್ತೆಯಲ್ಲಿ ಏನೂ ತಿಳಿಯದಿರುವುದಕ್ಕೆ ಇದೇ ಕಾರಣ. ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ಉಯ್ಯಾಲೆಯನ್ನು ಅದರ ಓಲಾಟಕ್ಕೆ ಸರಿಯಾಗಿ ನೂಕಿದರೆ ಮೆಲ್ಲಗೆ ನೂಕಿದರೂ ಎತ್ತರಕ್ಕೆ ಹೋಗುತ್ತದೆ. ಸ್ಪ್ರಿಂಗಿನ ಕೆಳಗಿರುವ ಗಾಲಿಗೂ ಅಚ್ಚಿಗೂ ತಮ್ಮದೇ ಆದ ಒಂದು ಓಲಾಟ ಉಂಟು. ಸಾಮಾನ್ಯವಾಗಿ ಅದು ಸೆಕೆಂಡಿಗೆ ಹತ್ತರಿಂದ ಹದಿನೈದು. ಗಾಲಿಯ ಸುತ್ತು ಆ ಸಂಖ್ಯೆಗೆ ಹೊಂದಿಕೊಂಡ ವೇಗದಲ್ಲಿ ನಡುಕ ಉಕ್ಕುತ್ತದೆ. ಅದನ್ನು ದಾಟಿದ ಮೇಲೆ ತಗ್ಗುತ್ತದೆ. ನೂರು ದಾಟಿದಾಗ ನಮ್ಮ ಕಾರು ತುಸು ಶಾಂತವಾಗುತ್ತಿದ್ದುದರ ಗುಟ್ಟು ಇದು. ನಡುಕವನ್ನು ಅಡಗಿಸುವ ಚಿಂತೆ ಮೋಟಾರಿನಷ್ಟೇ ಹಳೆಯದು. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಎಂಜಿನಿನ ನಡುಕಕ್ಕೆ ಎದುರುತೂಕದ ದಂಡಗಳನ್ನೂ ಶಮನಕಗಳನ್ನೂ ಯೋಜಿಸಿದ್ದ. ನಮ್ಮಲ್ಲಿ 2014ರವರೆಗೆ ತಯಾರಾಗುತ್ತಿದ್ದ ಅಂಬಾಸಿಡರ್ ಕಾರಿನ ಕಾಲದಲ್ಲಿ, ಹಾರನ್ನೊಂದನ್ನು ಬಿಟ್ಟು ಉಳಿದ ಎಲ್ಲ ಭಾಗವೂ ಸದ್ದು ಮಾಡುತ್ತದೆ ಎಂಬ ನಗೆಮಾತಿತ್ತು. ಆಗ ಒಂದು ನಡುಕ ಇನ್ನೊಂದರಲ್ಲಿ ಮುಚ್ಚಿಹೋಗುತ್ತಿತ್ತು. ಇಂದಿನ ಕಾರು ಬಹುಮಟ್ಟಿಗೆ ಮೌನಿಯಾದುದರಿಂದಲೇ ಉಳಿದ ಒಂದು ನಡುಕ ಬಟ್ಟಬಯಲಾಗಿ ಕಾಣುತ್ತದೆ.

ಆದರೆ ಬ್ಯಾಲೆನ್ಸ್ ಯಂತ್ರ ಸೊನ್ನೆ ತೋರಿಸಿತ್ತಲ್ಲ! ಈ ಸಂಶಯವನ್ನೂ ಹರಿಹರದ ಹಿರಿಯರೇ ಬಿಡಿಸಿದರು. ಆ ಯಂತ್ರ ಗಾಲಿಯನ್ನು ಗಾಳಿಯಲ್ಲಿ ತಿರುಗಿಸಿ ಅದರ ತೂಕ ಸಮವಾಗಿ ಹಂಚಿದೆಯೇ ಎಂದು ಮಾತ್ರ ನೋಡುತ್ತದೆ. ರಸ್ತೆಯ ಮೇಲೆ ಗಾಲಿ ಗಾಳಿಯಲ್ಲಿ ತಿರುಗುವುದಿಲ್ಲ; ಕಾರಿನ ಕಾಲುಭಾಗ ಭಾರವನ್ನು ಹೊತ್ತು, ನೆಲಕ್ಕೆ ಒತ್ತಿಕೊಂಡು ಉರುಳುತ್ತದೆ. ಟಯರು ಎಂಬುದು ರಬ್ಬರು, ನೂಲು, ಉಕ್ಕಿನ ತಂತಿಗಳ ಪದರಗಳನ್ನು ಸುತ್ತಿ ಬೆಸೆದ ವಸ್ತು. ಅದರಲ್ಲಿ ಒಂದು ಕಡೆ ಬಿರುಸು, ಒಂದು ಕಡೆ ಮೆದುವಾಗಿದ್ದರೆ ತೂಕ ಸಮವಾಗಿದ್ದರೂ ಪ್ರತಿ ಸುತ್ತಿಗೂ ಒಂದು ಸಲ ಅಚ್ಚನ್ನು ಮೇಲಕ್ಕೆ ನೂಕುತ್ತದೆ. ಹೊಸ ಕಾರು ಕೊಳ್ಳುವವರ ಕೈ ಸೇರುವ ಮುನ್ನ ತಿಂಗಳುಗಟ್ಟಲೆ ಬಯಲಿನಲ್ಲಿ ಒಂದೇ ಕಡೆ ನಿಂತಿದ್ದರೂ, ನೆಲ ಮುಟ್ಟಿದ ಭಾಗ ಚಪ್ಪಟೆಯಾಗುವುದುಂಟು. ರಾತ್ರಿ ನಿಂತುದರಿಂದ ಆದ ಚಪ್ಪಟೆ ಅರ್ಧ ಗಂಟೆ ಓಡಿದರೆ ಕಾವಿಗೆ ಸರಿಹೋಗುತ್ತದೆ. ತಿಂಗಳುಗಟ್ಟಲೆ ನಿಂತುದರಿಂದ ಆದದ್ದು ಕೆಲವೊಮ್ಮೆ ಹೋಗುವುದೇ ಇಲ್ಲ. ಟಯರಿನ ಮಗ್ಗುಲಲ್ಲಿ ಅದು ತಯಾರಾದ ಕಾಲವನ್ನು ನಾಲ್ಕು ಅಂಕಿಗಳಲ್ಲಿ ಒತ್ತಿರುತ್ತಾರೆ: ಮೊದಲಿನೆರಡು ವಾರ, ಕೊನೆಯೆರಡು ವರ್ಷ. ನಮ್ಮ ಕಾರಿನ ನಾಲ್ಕು ಟಯರುಗಳೂ ಕಾರು ಮನೆಗೆ ಬರುವುದಕ್ಕೆ ಹತ್ತು ತಿಂಗಳ ಹಿಂದೆ ಹುಟ್ಟಿದವು. ಅದು ತಾನಾಗಿ ದೋಷವಲ್ಲ; ಆದರೆ ಸುಳಿವು.

“ಹಿಂದಿನವು ಮುಂದಕ್ಕೆ, ಮುಂದಿನವು ಹಿಂದಕ್ಕೆ ಹಾಕಿಸ್ರಿ. ದೋಷ ಗಾಲೀದೇ ಆದ್ರೆ ಗಾಲಿ ಜೊತೀಗೇ ನಡಕಂಡು ಬರ್ತೈತೆ” ಎಂದರು ಹಿರಿಯರು. ಖರ್ಚಿಲ್ಲದ, ವಾದಕ್ಕೆ ಎಡೆಯಿಲ್ಲದ ಪರೀಕ್ಷೆ. ಆವರಗೆರೆಯ ಪಂಕ್ಚರ್ ಅಂಗಡಿಯಲ್ಲಿಯೇ ಗಾಲಿಗಳನ್ನು ಅದಲುಬದಲು ಮಾಡಿಸಿ ಹೆದ್ದಾರಿಗೆ ಹೋದೆವು. ಹಿಂದಿನ ಸೀಟು ಶಾಂತವಾಯಿತು. ನನ್ನ ಕೈಯಲ್ಲಿನ ಚಕ್ರ ಅದುರತೊಡಗಿತು.

ನಾಲ್ಕನೆಯ ಭೇಟಿಗೆ ನಾನು ಒಂದು ಹಾಳೆಯಲ್ಲಿ ಕನ್ನಡದಲ್ಲಿಯೇ ದೂರು ಬರೆದುಕೊಂಡು ಹೋದೆ. ವಾಕ್ಯಗಳು ಹೀಗಿದ್ದವು: ‘ಗಂಟೆಗೆ 75ರಿಂದ 95 ಕಿಲೋಮೀಟರು ವೇಗದಲ್ಲಿ ಕಾರು ಅದುರುತ್ತದೆ. ಗೇರು ಬದಲಿಸಿದರೆ ನಡುಕ ಬದಲಾಗುವುದಿಲ್ಲ. ಗಾಲಿಗಳನ್ನು ಅದಲುಬದಲು ಮಾಡುವ ಮುನ್ನ ಹಿಂದಿನ ಸೀಟು ಅದುರುತ್ತಿತ್ತು. ಮಾಡಿದ ಮೇಲೆ ಸ್ಟೀರಿಂಗ್ ಅದುರುತ್ತದೆ.’ ಪ್ರತಿ ವಾಕ್ಯದಲ್ಲೂ ಅದುರುವ ವಸ್ತು ಪ್ರಥಮಾ ವಿಭಕ್ತಿಯಲ್ಲಿತ್ತು. ಗ್ರಾಹಕ ಎಲ್ಲಿಯೂ ಇರಲಿಲ್ಲ. ಜಾಬ್ ಕಾರ್ಡಿನಲ್ಲಿ ‘ಅನಿಸುತ್ತದೆ’ ಎಂಬ ಮಾತನ್ನು ಬರೆಯಬೇಡಿರೆಂದು ಕೇಳಿಕೊಂಡೆ. ತರುಣರು ಹಾಳೆಯನ್ನು ಎರಡು ಸಲ ಓದಿ ಒಳಗಿದ್ದ ಹಿರಿಯ ಮೆಕ್ಯಾನಿಕರನ್ನು ಕರೆದರು. ಆತ ನನ್ನೊಡನೆ ಕಾರಿನಲ್ಲಿ ಕುಳಿತು ಹೆದ್ದಾರಿಗೆ ಬಂದು, ಎಂಬತ್ತೈದು ಮುಟ್ಟಿದ ಕೂಡಲೆ, “ಹೌದು ಸರ್, ಅದುರ್ತಿದೆ” ಎಂದ. ಮೂರು ತಿಂಗಳಲ್ಲಿ ಮೊದಲ ಬಾರಿಗೆ ಆ ಕ್ರಿಯಾಪದವನ್ನು ಇನ್ನೊಬ್ಬರ ಬಾಯಿಂದ ಕೇಳಿ ನನಗಾದ ಸಂತೋಷವನ್ನು ಹೇಳಲಾರೆ.

ಉಳಿದದ್ದು ಸಾವಧಾನದ ಕೆಲಸ. ಹೊಸ ಕಾರಿನ ಟಯರುಗಳ ಖಾತರಿ ಸಾಮಾನ್ಯವಾಗಿ ಕಾರು ತಯಾರಿಸಿದವರದಲ್ಲ, ಟಯರು ತಯಾರಿಸಿದವರದು. ಅವರ ಪ್ರತಿನಿಧಿ ಬಂದು, ಗಾಲಿಯನ್ನು ನಿಧಾನವಾಗಿ ತಿರುಗಿಸಿ ಅಳತೆಯ ಮುಳ್ಳನ್ನು ಹಿಡಿದು, ಎಡಗಡೆಯ ಟಯರು ದುಂಡಗಿಲ್ಲವೆಂದು ಬರೆದುಕೊಟ್ಟರು. ಮೂರು ವಾರಗಳಲ್ಲಿ ಬೇರೆ ಟಯರು ಬಂತು. ಆ ತಿಂಗಳ ಕೊನೆಯ ಭಾನುವಾರ ಹರಿಹರದ ಸೇತುವೆ ದಾಟುವ ಮುನ್ನವೇ ತಾಯಿಯವರು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು.

ಎಲ್ಲರ ಕತೆಯೂ ಒಂದು ಟಯರಿನಿಂದ ಮುಗಿಯುವುದಿಲ್ಲ. ಅಂಥವರಿಗೆ ಕಾನೂನಿನ ಆಸರೆ ಇದೆ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಸ್ಥಾನದಲ್ಲಿ 2019ರ ಹೊಸ ಕಾಯಿದೆ ಬಂದು, 2020ರ ಜುಲೈ 20ರಿಂದ ಜಾರಿಯಲ್ಲಿದೆ. ವಸ್ತುವಿನ ಗುಣಮಟ್ಟದಲ್ಲಿ ಇರಬೇಕಾದುದಕ್ಕಿಂತ ಕಡಮೆಯಾದ ಯಾವ ಕುಂದನ್ನೂ ಅದು ‘ದೋಷ’ವೆಂದೇ ಪರಿಗಣಿಸುತ್ತದೆ. ದೂರಿಗೆ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ಜಿಲ್ಲಾ ಆಯೋಗಕ್ಕೆ ಹೋಗಬೇಕು. ಪರೀಕ್ಷೆಯಿಲ್ಲದೆ ದೋಷವನ್ನು ನಿರ್ಣಯಿಸಲಾಗದಿದ್ದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸುವ ಅಧಿಕಾರ ಆಯೋಗಕ್ಕಿದೆ. ಆದರೆ ಹೊಸ ಕಾರೇ ಬದಲಿಗೆ ಬರುತ್ತದೆಂದು ಆಸೆಪಡುವಂತಿಲ್ಲ. ಖಾತರಿಯ ಷರತ್ತು ಭಾಗವನ್ನು ಬದಲಿಸುವುದಕ್ಕೆ ಮಾತ್ರ ಇದ್ದರೆ, ಇಡೀ ಕಾರನ್ನು ಬದಲಿಸಿಕೊಡಲು ಹೇಳುವಂತಿಲ್ಲವೆಂದು 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ಒಂದು ಪ್ರಕರಣದಲ್ಲಿ ತೀರ್ಪಿತ್ತಿತು. 2010ರ ನವೆಂಬರಿನಲ್ಲಿ ಫಿಯಟ್ ಇಂಡಿಯಾ ಕಂಪನಿ ಪ್ರತಿವಾದಿಯಾಗಿದ್ದ ಇನ್ನೊಂದು ಪ್ರಕರಣದಲ್ಲಿ ಅದೇ ನ್ಯಾಯಾಲಯ, ರಾಷ್ಟ್ರೀಯ ಆಯೋಗ ಹೇಳಿದ್ದಂತೆ ಹೊಸ ಎಂಜಿನ್ ಹಾಕಿಕೊಡುವುದನ್ನು ಒಪ್ಪಿ, ಅದಾದ ಮೇಲೂ ತಯಾರಿಕೆಯ ದೋಷ ಉಳಿದಿದೆಯೆಂದು ಸ್ವತಂತ್ರ ತಜ್ಞರು ಕಂಡುಕೊಂಡರೆ ಕಾರಿನ ಬೆಲೆಯನ್ನೂ ಕಟ್ಟಿದ ಆಜೀವ ತೆರಿಗೆಯನ್ನೂ ಶೇಕಡ 12ರ ಬಡ್ಡಿಯೊಡನೆ ಹಿಂದಿರುಗಿಸಬೇಕೆಂದು ಸೇರಿಸಿತು. ಎರಡು ತೀರ್ಪುಗಳಿಂದಲೂ ತಿಳಿಯುವುದು ಒಂದೇ: ನ್ಯಾಯಾಲಯ ತೂಗುವುದು ತಜ್ಞರ ಮಾತನ್ನು ಮತ್ತು ಕಾಗದದಲ್ಲಿ ಬರೆದುದನ್ನು. ಮೂರು ಜಾಬ್ ಕಾರ್ಡುಗಳಲ್ಲಿ ‘ಗ್ರಾಹಕರಿಗೆ ಅನಿಸುತ್ತದೆ’ ಎಂದಷ್ಟೇ ಬರೆದಿದ್ದರೆ, ನಾಲ್ಕನೆಯ ಮೆಟ್ಟಿಲಾಗಿ ಆಯೋಗವನ್ನು ಹತ್ತಿದವನು ಬರಿಗೈಯಲ್ಲಿ ನಿಂತಿರುತ್ತಾನೆ.

ವ್ಯಾಕರಣದಿಂದ ಏನು ಪ್ರಯೋಜನ ಎಂದು ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷವೂ ಕೇಳುತ್ತಾರೆ, ಕೇಳುವುದು ತಪ್ಪಲ್ಲ. ಅವರಲ್ಲಿ ಕೆಲವರು ಮುಂದೆ ಕಚೇರಿಗಳಲ್ಲಿ ಕುಳಿತು ಇತರರ ಅಹವಾಲುಗಳನ್ನು ಬರೆದುಕೊಳ್ಳುವವರು. ಹೆಚ್ಚಿನವರು ಅಹವಾಲು ಹಿಡಿದು ಕಚೇರಿಗಳಿಗೆ ಹೋಗುವವರು. ರೋಗಿಗೆ ನೋವಿದ್ದಂತೆ ಅನಿಸುತ್ತದೆ, ರೈತರಿಗೆ ಬೀಜ ಹುಟ್ಟಲಿಲ್ಲವೆಂದು ಅನಿಸುತ್ತದೆ, ಬಡಾವಣೆಯವರಿಗೆ ನೀರು ವಾಸನೆ ಬಂದಂತೆ ಅನಿಸುತ್ತದೆ ಎಂದು ಬರೆಯುವ ಕಾಗದಗಳು ಈ ದೇಶದಲ್ಲಿ ದಿನವೂ ತುಂಬುತ್ತಿವೆ. ಬರೆದುಕೊಳ್ಳುವವರು ಒಮ್ಮೆ ಹಿಂದಿನ ಸೀಟಿನಲ್ಲಿ ಹೋಗಿ ಕುಳಿತು ಆಮೇಲೆ ಕ್ರಿಯಾಪದವನ್ನು ಆರಿಸಿಕೊಂಡರೆ ಒಳ್ಳೆಯದು. ಅವರು ಕುಳಿತುಕೊಳ್ಳದಿದ್ದರೆ, ಹೇಳುವವರಾದರೂ ವೇಗವನ್ನು, ಹೊತ್ತನ್ನು, ಜಾಗವನ್ನು ಎಣಿಸಿ ಬರೆದುಕೊಂಡು ಹೋಗಬೇಕು. ಬರೆದುಕೊಂಡುದನ್ನು ಓದಿ ನೋಡಿದ ಮೇಲೆಯೇ ರುಜು ಹಾಕಬೇಕು.